ಹ್ಯಾಂಡಲ್ ಲಾಕ್ ಹಾಕಿದ್ದೇನೆ, ವಿಮೆಯೂ ಇದೆ: ಇಷ್ಟು ಸಾಕೇ?

ಪ್ರಶ್ನೆ: ನಾನು ಕಾರವಾರ ತಾಲ್ಲೂಕಿನ ಚೆಂಡಿಯಾದವನು. ಮಡಗಾಂವ್‌ನಲ್ಲಿ ಕೆಲಸ. ದಿನವೂ ಬೆಳಿಗ್ಗೆ ಶಿರವಾಡದ ರೈಲು ನಿಲ್ದಾಣದ ಹೊರಗೆ ಬೈಕ್ ನಿಲ್ಲಿಸಿ ರೈಲು ಹತ್ತುತ್ತೇನೆ. ಮರಳುವಾಗ ರಾತ್ರಿಯಾಗಿರುತ್ತದೆ. ಇತ್ತೀಚೆಗೆ ನಮ್ಮ ಪಕ್ಕದ ಮನೆಯವರ ಬೈಕ್ ಹ್ಯಾಂಡಲ್ ಲಾಕ್ ಹಾಕಿದ್ದರೂ ಕಳವಾಯಿತು. ನನ್ನ ಗಾಡಿಗೆ ಎರಡೂವರೆ ವರ್ಷ. ಕೊಳ್ಳುವಾಗಲೇ ಐದು ವರ್ಷದ ವಿಮೆ ಮಾಡಿಸಿದ್ದೇನೆ. ಜಿಪಿಎಸ್ ಹಾಕಿಸಿದರೆ ಸಾಕೇ, ಇನ್ನೇನಾದರೂ ಮಾಡಬೇಕೇ? ಇನ್ನೊಂದು ವಿಷಯ: ಶಿರಸಿ ಕಡೆ ಇರುವ ನನ್ನ ಭಾವನಿಗೆ ತೋಟಕ್ಕೆ ಓಡಾಡಲು ಕಾಗದಪತ್ರ ಇಲ್ಲದ ಬೈಕೊಂದು ತೀರಾ ಅಗ್ಗಕ್ಕೆ ಬಂದಿದೆ. ಕೊಳ್ಳಬಹುದೇ?

ಉತ್ತರ: ಉಳಿದದ್ದಕ್ಕೆಲ್ಲ ಮೊದಲು ನಿಮ್ಮ ವಿಮೆಯ ಕಾಗದವನ್ನು ತೆಗೆದು ಓದಿ. ಐದು ವರ್ಷದ ವಿಮೆ ಇದೆ ಎಂದು ನೆಮ್ಮದಿಯಿಂದ ಇದ್ದವರು ಗಾಡಿ ಹೋದ ಮೇಲೆ ಪಾಲಿಸಿಯನ್ನು ಮೊದಲ ಸಲ ಬಿಡಿಸಿ ನೋಡುವುದನ್ನು ವಿಮಾ ಸರ್ವೇಯರ್ ಆಗಿ ನಾನು ಪದೇ ಪದೇ ಕಂಡಿದ್ದೇನೆ. ಅವರಿಗೆ ಏನೂ ಸಿಗುವುದಿಲ್ಲ ಎಂದು ಹೇಳುವುದು ನನ್ನ ಕೆಲಸದಲ್ಲಿ ಅತ್ಯಂತ ಕಷ್ಟದ ಮಾತು.

ಹೊಸ ದ್ವಿಚಕ್ರ ವಾಹನ ಕೊಳ್ಳುವಾಗ ಐದು ವರ್ಷದ ಥರ್ಡ್ ಪಾರ್ಟಿ ವಿಮೆ 2018ರ ಸೆಪ್ಟೆಂಬರ್‌ನಿಂದ ಕಡ್ಡಾಯವಾಗಿದೆ. ಅದು ನಿಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಮಾತ್ರ. ನಿಮ್ಮ ಗಾಡಿಯೇ ಕಳವಾದರೆ ಅದರಿಂದ ಒಂದು ರೂಪಾಯಿಯೂ ಬಾರದು. ಕಳವಿಗೆ ಪರಿಹಾರ ಕೊಡುವುದು ಓನ್ ಡ್ಯಾಮೇಜ್ ಎಂಬ ಇನ್ನೊಂದು ಭಾಗ. ಶೋರೂಮಿನಲ್ಲಿ ಕೊಡುವ ಪಾಲಿಸಿಯಲ್ಲಿ ಅದು ಸಾಮಾನ್ಯವಾಗಿ ಮೊದಲ ಒಂದು ವರ್ಷಕ್ಕೆ ಮಾತ್ರ ಇರುತ್ತದೆ. ಪಾಲಿಸಿಯಲ್ಲಿ ಎರಡು ಅವಧಿಗಳನ್ನು ಬೇರೆ ಬೇರೆ ನಮೂದಿಸಿರುತ್ತಾರೆ. ಒಂದರ ಕೊನೆಯ ದಿನಾಂಕ ಐದು ವರ್ಷಕ್ಕೆ, ಇನ್ನೊಂದರದು ಒಂದೇ ವರ್ಷಕ್ಕೆ. ನಿಮ್ಮದು ಎರಡೂವರೆ ವರ್ಷದ ಗಾಡಿ ಎಂದಮೇಲೆ, ನೀವು ನಡುವೆ ನವೀಕರಿಸಿಲ್ಲದಿದ್ದರೆ ಕಳವಿನ ರಕ್ಷಣೆ ಎಂದೋ ಮುಗಿದಿದೆ. 2019ರ ಸೆಪ್ಟೆಂಬರ್‌ನಿಂದ ಓನ್ ಡ್ಯಾಮೇಜ್ ಭಾಗವನ್ನಷ್ಟೇ ಪ್ರತ್ಯೇಕವಾಗಿ, ಬೇಕಾದ ಕಂಪನಿಯಿಂದ ಕೊಳ್ಳಲು ಅವಕಾಶವಿದೆ. ಅವಧಿ ಮುಗಿದ ಗಾಡಿಯನ್ನು ಕಂಪನಿಯವರು ಒಮ್ಮೆ ತಪಾಸಣೆ ಮಾಡಬಹುದು, ಅಥವಾ ಮೊಬೈಲ್‌ನಲ್ಲಿ ವಿಡಿಯೊ ತೆಗೆದು ಕಳುಹಿಸಲು ಹೇಳಬಹುದು. ಇದನ್ನು ಈ ವಾರವೇ ಮುಗಿಸಿ.

ಎಷ್ಟು ಹಣ ಬರುತ್ತದೆ ಎಂಬುದು ಪಾಲಿಸಿಯಲ್ಲಿ ಐಡಿವಿ ಎಂದು ಬರೆದಿರುವ ಮೊತ್ತದ ಮೇಲೆ ನಿಂತಿದೆ. ಗಾಡಿಯ ಬೆಲೆಯಿಂದ ಅದರ ವಯಸ್ಸಿಗೆ ತಕ್ಕಂತೆ ಸವಕಳಿ ಕಳೆದು ಅದನ್ನು ಲೆಕ್ಕ ಹಾಕುತ್ತಾರೆ: ಒಂದರಿಂದ ಎರಡು ವರ್ಷದ ಗಾಡಿಗೆ ಶೇ 20, ಎರಡರಿಂದ ಮೂರು ವರ್ಷಕ್ಕೆ ಶೇ 30, ಮೂರರಿಂದ ನಾಲ್ಕಕ್ಕೆ ಶೇ 40, ನಾಲ್ಕರಿಂದ ಐದಕ್ಕೆ ಶೇ 50. ತಯಾರಕರು ನಿಗದಿ ಮಾಡಿದ ಬೆಲೆ 90,000 ರೂಪಾಯಿ ಇರುವ ಬೈಕಿಗೆ ನಿಮ್ಮ ಗಾಡಿಯ ವಯಸ್ಸಿನಲ್ಲಿ 63,000 ರೂಪಾಯಿ. ಪ್ರೀಮಿಯಂ ನೂರಿನ್ನೂರು ಉಳಿಯುತ್ತದೆಂದು ಐಡಿವಿಯನ್ನು ಇಳಿಸಿ ಬರೆಸಲು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಳವಾದ ದಿನ ಕೈಗೆ ಬರುವುದು ಅದೇ ಮೊತ್ತ. ಬ್ಯಾಂಕ್ ಸಾಲ ಬಾಕಿ ಇದ್ದರೆ ಅದರಲ್ಲೂ ಮೊದಲ ಪಾಲು ಬ್ಯಾಂಕಿನದು.

ಇನ್ನು ಬೀಗದ ವಿಷಯ. ಹ್ಯಾಂಡಲ್ ಲಾಕ್ ಎಂದರೆ ಬೆರಳಿನಷ್ಟೂ ದಪ್ಪವಿಲ್ಲದ ಒಂದು ಲೋಹದ ಕಡ್ಡಿ ಹ್ಯಾಂಡಲಿನ ಕಾಂಡದಲ್ಲಿರುವ ಸಣ್ಣ ಕಚ್ಚಿನೊಳಗೆ ಹೋಗಿ ಕೂರುವುದು, ಅಷ್ಟೆ. ಕಳವಾಗಿ ಮರಳಿ ಸಿಕ್ಕ ಗಾಡಿಗಳನ್ನು ಠಾಣೆಯ ಅಂಗಳದಲ್ಲಿ ಪರಿಶೀಲಿಸುವಾಗ ನಾನು ಮೊದಲು ಆ ಕಚ್ಚಿನ ಬಾಯಿಯನ್ನೇ ನೋಡುತ್ತೇನೆ. ಒಂದು ಬದಿಯ ಅಂಚು ತಿಂದುಹೋಗಿ ಹೊಳೆಯುತ್ತಿರುತ್ತದೆ, ಕಡ್ಡಿಯ ತುದಿ ಮುರಿದು ಒಳಗೇ ಸಿಕ್ಕಿಕೊಂಡಿರುತ್ತದೆ. ಅದನ್ನು ಮುರಿಯಲು ವಿಶೇಷ ಉಪಕರಣ ಬೇಕಿಲ್ಲ, ತೋಳಿನ ಬಲ ಸಾಕು. ಇದಕ್ಕೆ ಯಾವುದೋ ಒಂದು ಕಂಪನಿಯನ್ನು ದೂರಿ ಫಲವಿಲ್ಲ. ಕಡಿಮೆ ಬೆಲೆಯ ಎಲ್ಲ ಬೈಕುಗಳದೂ ಹೆಚ್ಚುಕಡಿಮೆ ಇದೇ ಕತೆ.

ಇದಕ್ಕೆ ನಮ್ಮ ಕರಾವಳಿಯ ಉಪ್ಪುಗಾಳಿಯೂ ಸೇರುತ್ತದೆ. ಬೈತಖೋಲ್, ಕೋಡಿಬಾಗ, ತದಡಿ, ಭಟ್ಕಳದ ಬಂದರಿನ ಕಡೆ ನಿಲ್ಲುವ ಗಾಡಿಗಳ ಬೀಗ ಬೇಗ ತುಕ್ಕು ಹಿಡಿಯುತ್ತದೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಕೀ ತಿರುಗುವುದೇ ಕಷ್ಟ. ಮಳೆಯಲ್ಲಿ ನೆನೆಯುತ್ತ ಬೀಗದೊಡನೆ ಗುದ್ದಾಡುವ ತಾಳ್ಮೆ ಯಾರಿಗಿದೆ? ನಾಲ್ಕು ದಿನ ಹಾಗೇ ಬಿಟ್ಟದ್ದು ರೂಢಿಯಾಗಿಬಿಡುತ್ತದೆ. ನಮ್ಮಲ್ಲಿ ಹ್ಯಾಂಡಲ್ ಲಾಕ್ ಮುರಿದು ಕದ್ದ ಗಾಡಿಗಳಷ್ಟೇ ಲಾಕನ್ನೇ ಹಾಕದೆ ಬಿಟ್ಟ ಗಾಡಿಗಳೂ ಹೋಗುತ್ತವೆ ಎಂಬುದು ನನ್ನ ಅನುಭವ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ಕೀ ತೂತಿಗೆ ಗ್ರಾಫೈಟ್ ಪುಡಿಯನ್ನೋ ಬೀಗಕ್ಕೆಂದೇ ಸಿಗುವ ಸ್ಪ್ರೇಯನ್ನೋ ಹಾಕಿ. ತೆಂಗಿನ ಎಣ್ಣೆ, ಎಂಜಿನ್ ಆಯಿಲ್ ಬೇಡ. ಅವು ಧೂಳನ್ನು ಹಿಡಿದು ಅಂಟು ಮಾಡುತ್ತವೆ. ಬೀಗ ಸವೆದು ಇನ್ನೊಂದು ಗಾಡಿಯ ಕೀಯಿಂದಲೂ ತೆರೆಯುವ ಸ್ಥಿತಿಗೆ ಬಂದಿದ್ದರೆ ಪೂರ್ತಿ ಲಾಕ್ ಸೆಟ್ ಬದಲಾಯಿಸಬೇಕು. ಹಳೆಯ ಬೈಕುಗಳಲ್ಲಿ ಇದು ಅಪರೂಪವಲ್ಲ. ಗ್ಯಾರೇಜಿನಲ್ಲಿ ಅದೇ ಮಾದರಿಯ ಬೇರೆ ಕೀ ಹಾಕಿ ತಿರುಗಿಸಿ ನೋಡಿದರೆ ಅಲ್ಲೇ ಗೊತ್ತಾಗುತ್ತದೆ.

ಕಳ್ಳ ಬೈಕುಗಳ ಸಾಲಿನ ಮುಂದೆ ನಿಂತಾಗ ಯಾವುದು ಬೇಗ, ಸದ್ದಿಲ್ಲದೆ ಹೊರಡುತ್ತದೆ ಎಂದು ನೋಡುತ್ತಾನೆ. ಆದ್ದರಿಂದ ಎಷ್ಟು ದುಬಾರಿ ಬೀಗ ಎಂಬುದಕ್ಕಿಂತ ನಿಮ್ಮ ಗಾಡಿ ಅವನ ಎಷ್ಟು ಹೊತ್ತನ್ನು ತಿನ್ನುತ್ತದೆ, ಎಷ್ಟು ಜನರ ಕಣ್ಣಿಗೆ ಅವನನ್ನು ಬೀಳಿಸುತ್ತದೆ ಎಂಬುದು ಮುಖ್ಯ. ಕಣ್ಣಿಗೆ ಕಾಣುವ ಎರಡನೆಯ ಬೀಗ ಒಂದಿದ್ದರೆ ಅವನು ಹೆಚ್ಚಾಗಿ ಪಕ್ಕದ ಗಾಡಿಗೆ ಹೋಗುತ್ತಾನೆ. ಇದನ್ನು ಹೇಳಲು ನನಗೆ ಹಿತವೆನಿಸುವುದಿಲ್ಲ, ಪಕ್ಕದ ಗಾಡಿಯೂ ಯಾರದೋ ದುಡಿಮೆಯದೇ ಅಲ್ಲವೇ? ಅದಕ್ಕೇ ನಿಮ್ಮೊಡನೆ ರೈಲು ಹತ್ತುವ ಗೆಳೆಯರಿಗೂ ಹೇಳಿ. ಸಾಲಿನಲ್ಲಿರುವ ಎಲ್ಲ ಗಾಡಿಗಳಿಗೂ ಎರಡನೆಯ ಬೀಗ ಬೀಳಲಿ.

ನಿಮ್ಮ ಸಂದರ್ಭಕ್ಕೆ ನಾನು ಸೂಚಿಸುವುದು ಗಟ್ಟಿ ಉಕ್ಕಿನ ಸರಪಳಿ ಮತ್ತು ಬೀಗ. ತೆಳ್ಳಗಿನ ಕೇಬಲ್ ಲಾಕ್ ಹೆಲ್ಮೆಟ್ ಕಟ್ಟಲು ಸಾಕು, ಗಾಡಿಗೆ ಸಾಲದು. ಸರಪಳಿಯನ್ನು ಹಿಂದಿನ ಚಕ್ರದ ಮೂಲಕ ಚೌಕಟ್ಟಿಗೆ ಸುತ್ತಿ ಕಂಬ, ಕಬ್ಬಿಣದ ಬೇಲಿ, ಸರಳು, ಹೀಗೆ ನೆಲಕ್ಕೆ ಊರಿದ ಏನಕ್ಕಾದರೂ ಬಿಗಿಯಿರಿ. ಬರೀ ಚಕ್ರಕ್ಕೆ ಬೀಗ ಹಾಕಿದ ಗಾಡಿಯನ್ನು ಇಬ್ಬರು ಎತ್ತಿ ಟೆಂಪೊಗೆ ಹಾಕಿಕೊಂಡು ಹೋಗಬಲ್ಲರು. ಸರಪಳಿ ನೆಲಕ್ಕೆ ತಾಗುವಂತೆ ಜೋತುಬಿಡಬೇಡಿ. ನೆಲದ ಆಸರೆ ಸಿಕ್ಕರೆ ಅದನ್ನು ಜಜ್ಜುವುದೂ ಕತ್ತರಿಸುವುದೂ ಸುಲಭ. ಸೈಕಲ್ಲಿನ ಹಳೆಯ ಟ್ಯೂಬಿನೊಳಗೆ ಸರಪಳಿಯನ್ನು ಪೋಣಿಸಿದರೆ ಬಣ್ಣಕ್ಕೆ ಗೀರು ಬೀಳುವುದಿಲ್ಲ, ತುಕ್ಕೂ ತಡವಾಗುತ್ತದೆ. ಕಟ್ಟಲು ಕಂಬವೇ ಇಲ್ಲದ ಕಡೆ ಇಬ್ಬರು ಗೆಳೆಯರ ಗಾಡಿಗಳನ್ನು ಒಂದಕ್ಕೊಂದು ಬಿಗಿಯುವುದೂ ಒಳ್ಳೆಯ ಉಪಾಯವೇ, ಇಬ್ಬರೂ ಒಂದೇ ರೈಲಿಗೆ ಮರಳುವುದಾದರೆ.

ಚಕ್ರದ ಬ್ರೇಕ್ ಡಿಸ್ಕಿಗೆ ಸಿಕ್ಕಿಸುವ ಡಿಸ್ಕ್ ಲಾಕ್ ಚಿಕ್ಕದು, ಜೇಬಿನಲ್ಲಿ ಹಿಡಿಯುತ್ತದೆ. ಕುಮಟಾ ಪೇಟೆಯಲ್ಲಿ ಅರ್ಧ ಗಂಟೆ ನಿಲ್ಲಿಸುವವರಿಗೆ ಸಾಕು. ಹಾಕಿದ್ದನ್ನು ಮರೆತು ಗಾಡಿ ಮುಂದೆ ತೆಗೆದರೆ ಬೀಳುತ್ತೀರಿ, ಡಿಸ್ಕೂ ಕೆಡುತ್ತದೆ. ಹ್ಯಾಂಡಲಿಗೆ ಸಿಕ್ಕಿಸುವ ಬಣ್ಣದ ದಾರ ಜೊತೆಗೇ ಬರುತ್ತದೆ, ಅದನ್ನು ತಪ್ಪದೆ ಬಳಸಿ. ಅಲಾರಂ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಮಳೆಗಾಲದ ಗಾಳಿಗೆ ಅದು ದಿನವಿಡೀ ಕೂಗುತ್ತಿದ್ದರೆ ನಿಜವಾಗಿ ಕೂಗಿದ ದಿನ ಯಾರೂ ತಿರುಗಿ ನೋಡುವುದಿಲ್ಲ, ಬ್ಯಾಟರಿಯೂ ಇಳಿಯುತ್ತದೆ.

ಸ್ಥಳದ ಆಯ್ಕೆ ಬೀಗದಷ್ಟೇ ದೊಡ್ಡದು. ನಿಮ್ಮ ಗಾಡಿ ದಿನವೂ ಒಂದೇ ಹೊತ್ತಿಗೆ ಒಂದೇ ಜಾಗದಲ್ಲಿ ನಿಂತು ರಾತ್ರಿಯವರೆಗೆ ಅಲುಗುವುದಿಲ್ಲ. ಗಮನಿಸುವವನಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ: ಮಡಗಾಂವ್ ರೈಲು ಹೊರಟಿತೆಂದರೆ ಒಡೆಯ ಸಂಜೆಯವರೆಗೆ ಬರುವುದಿಲ್ಲ ಎಂದು ಅವನಿಗೆ ಗೊತ್ತು. ನಿಲ್ದಾಣದ ಹೊರಗಿನ ಮರದ ನೆರಳು ಸೀಟಿಗೆ ತಂಪು ನಿಜ, ಆದರೆ ಅದು ಕಳ್ಳನಿಗೂ ಮರೆ. ಬಿಸಿಲಾದರೂ ಚಿಂತೆಯಿಲ್ಲ, ಆಟೊ ನಿಲ್ಲುವ ಕಡೆ, ಕ್ಯಾಮೆರಾದ ಕಣ್ಣಿಗೆ ಬೀಳುವ ಕಡೆ ನಿಲ್ಲಿಸಿ. ಆಟೊ ಚಾಲಕರ ಗುರುತು ಮಾಡಿಕೊಳ್ಳಿ. ಯಾರ ಗಾಡಿ ಯಾವುದೆಂದು ಅವರಿಗಿರುವ ನೆನಪು ಯಾವ ಯಂತ್ರಕ್ಕೂ ಇಲ್ಲ. ಹಣ ಕೊಟ್ಟು ನಿಲ್ಲಿಸುವ ವ್ಯವಸ್ಥೆ ಇರುವ ಕಡೆ ಅಲ್ಲೇ ನಿಲ್ಲಿಸಿ, ಚೀಟಿಯನ್ನು ಗಾಡಿಯಲ್ಲಿ ಇಡದೆ ಜೇಬಿನಲ್ಲಿಟ್ಟುಕೊಳ್ಳಿ. ಶಿರಸಿ ಮಾರಿಕಾಂಬಾ ಜಾತ್ರೆ, ರಾತ್ರಿಯ ಯಕ್ಷಗಾನದ ಆಟ, ಗೋಕರ್ಣದ ಶಿವರಾತ್ರಿ, ಇಂಥ ಕಡೆಗಳಲ್ಲಿ ಗದ್ದೆಬಯಲಿನಲ್ಲಿ ಸಾವಿರಾರು ಬೈಕುಗಳು ನಿಲ್ಲುತ್ತವೆ. ಯಾರು ಯಾವ ಗಾಡಿ ತೆಗೆದರೂ ಕೇಳುವವರಿರುವುದಿಲ್ಲ. ಅಲ್ಲಿ ಸರಪಳಿ ಇಲ್ಲದೆ ಗಾಡಿ ಬಿಡಬಾರದು.

ಮನೆಯಲ್ಲೂ ಎಚ್ಚರ ಬೇಕು. ನಮ್ಮ ಕಡೆ ಗಾಡಿಯನ್ನು ಅಂಗಳದಲ್ಲಿ ಬಿಟ್ಟು, ಕೀಯನ್ನು ಜಗಲಿಯ ಮೊಳೆಗೆ ನೇತುಹಾಕಿ ಮಲಗುವ ರೂಢಿ. ಉಣಗೋಲು ದಾಟಿ ಒಳಗೆ ಬರುವವನಿಗೆ ಗಾಡಿ, ಕೀ ಎರಡೂ ಒಟ್ಟಿಗೇ ಸಿಗುತ್ತವೆ. ಚಿರೇಕಲ್ಲಿನ ಗೋಡೆಯ ಬುಡದಲ್ಲಿ ಸಿಮೆಂಟ್ ಹಾಕಿ ಒಂದು ಕಬ್ಬಿಣದ ಕೊಂಡಿ ಹೂಳಿಸಿ. ಗಾರೆಯವನಿಗೆ ಒಂದು ಗಂಟೆಯ ಕೆಲಸ, ಸರಪಳಿಗೆ ಕಾಯಂ ಜಾಗ. ಕೀಯನ್ನು ಮನೆಯೊಳಗೆ ಇಡಿ. 'ಒಂದು ನಿಮಿಷ' ಎಂದು ಕೀ ಗಾಡಿಯಲ್ಲೇ ಬಿಟ್ಟು ಅಂಗಡಿಗೆ ಹೋಗುವುದಂತೂ ಬೇಡವೇ ಬೇಡ. ಗಾಡಿ ಹೋಗುವುದಷ್ಟೇ ಅಲ್ಲ, ಮಾಲೀಕರು ತಕ್ಕ ಎಚ್ಚರ ವಹಿಸಲಿಲ್ಲ ಎಂದು ವಿಮಾ ಕಂಪನಿ ಕ್ಲೇಮ್ ತಳ್ಳಿಹಾಕಲೂ ಅದೇ ಕಾರಣವಾಗುತ್ತದೆ. ಇಂಥ ಕೆಲವು ಪ್ರಕರಣಗಳಲ್ಲಿ ಗ್ರಾಹಕ ಆಯೋಗಗಳು ಮುಕ್ಕಾಲು ಪಾಲು ಹಣ ಕೊಡಿಸಿದ್ದುಂಟು. ಆದರೆ ಅದಕ್ಕಾಗಿ ವರ್ಷಗಟ್ಟಲೆ ಅಲೆಯಬೇಕು.

ಜಿಪಿಎಸ್ ಹಾಕಿಸಿ, ಆದರೆ ಸರಪಳಿ ಮತ್ತು ವಿಮೆ ಆದ ಮೇಲೆ. ಅದು ಕಳವನ್ನು ತಡೆಯುವುದಿಲ್ಲ, ಕಳವಾದ ಗಾಡಿ ಎಲ್ಲಿದೆ ಎಂದು ತಿಳಿಸುತ್ತದೆ. ಅದೂ ಒಳಗಿನ ಸಿಮ್‌ಗೆ ನೆಟ್‌ವರ್ಕ್ ಸಿಕ್ಕರೆ. ದೇವಿಮನೆ ಘಟ್ಟದಲ್ಲೋ ಅರಬೈಲ್ ಘಟ್ಟದಲ್ಲೋ ಫೋನ್ ಮಾಡಲು ಪರದಾಡಿದವರಿಗೆ ಇದರ ಕಷ್ಟ ಗೊತ್ತು. ಒಳ್ಳೆಯ ಉಪಕರಣ ನೆಟ್‌ವರ್ಕ್ ಇಲ್ಲದ ದಾರಿಯನ್ನು ನೆನಪಿಟ್ಟುಕೊಂಡು ಆಮೇಲೆ ಕಳುಹಿಸುತ್ತದೆ. ಸ್ವಂತ ಬ್ಯಾಟರಿ ಇರುವಂಥದನ್ನೇ ಕೊಳ್ಳಿ. ಗಾಡಿಯ ಬ್ಯಾಟರಿಯ ತಂತಿ ಕಿತ್ತರೂ ಅದು ಕೆಲಸ ಮಾಡಬೇಕು. ಸಿಮ್‌ನ ರೀಚಾರ್ಜ್ ಮುಗಿದು ತಿಂಗಳುಗಟ್ಟಲೆ ಸತ್ತುಬಿದ್ದಿದ್ದ ಜಿಪಿಎಸ್‌ಗಳನ್ನು ನಾನು ಕಂಡಿದ್ದೇನೆ. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಕೇಳದೆ ವೈರಿಂಗ್ ಕತ್ತರಿಸಬೇಡಿ, ವಾರಂಟಿಗೆ ತೊಡಕಾಗುತ್ತದೆ. ಇನ್ನೂ ಒಂದು ಮಾತು: ಮೊಬೈಲ್‌ನಲ್ಲಿ ಗಾಡಿ ಕಾಣಿಸಿತೆಂದು ನೀವೇ ಬೆನ್ನಟ್ಟಿ ಹೋಗಬೇಡಿ, ಪೊಲೀಸರಿಗೆ ತೋರಿಸಿ. ಅವನ ಕೈಯಲ್ಲಿ ಏನಿದೆಯೋ ಯಾರಿಗೆ ಗೊತ್ತು.

ಹೊಸ ಮಾದರಿಯ ಅತಿ ಸುರಕ್ಷಿತ ನಂಬರ್ ಪ್ಲೇಟ್ ಕಳವನ್ನು ತಡೆಯಲಾರದು. ಅದರ ಸ್ನ್ಯಾಪ್ ಲಾಕನ್ನು ಮುರಿಯದೆ ಬಿಚ್ಚಲಾಗುವುದಿಲ್ಲ, ಮುರಿದದ್ದನ್ನು ಮತ್ತೆ ಬಳಸಲಾಗುವುದಿಲ್ಲ. ಹೀಗಾಗಿ ಕದ್ದ ಗಾಡಿಗೆ ಬೇರೆ ನಂಬರ್ ಅಂಟಿಸಿದರೆ ಬೇಗ ಕಣ್ಣಿಗೆ ಹೊಡೆಯುತ್ತದೆ. ಅಷ್ಟರಮಟ್ಟಿಗೆ ಒಳ್ಳೆಯದು.

ಈಗ ಮಾಡಿಡಬೇಕಾದ ಸಣ್ಣ ಕೆಲಸವೊಂದಿದೆ. ಬೈಕುಗಳಲ್ಲಿ ಹ್ಯಾಂಡಲ್ ಕೂರುವ ಕೊಳವೆಯ ಬದಿಯಲ್ಲಿ ಚಾಸಿ ನಂಬರ್ ಕೊರೆದಿರುತ್ತದೆ, ಎಂಜಿನ್ನಿನ ಕೆಳಭಾಗದಲ್ಲಿ ಎಂಜಿನ್ ನಂಬರ್. ಒದ್ದೆ ಬಟ್ಟೆಯಿಂದ ಒರೆಸಿ, ತೆಳುವಾದ ಕಾಗದ ಇಟ್ಟು, ಮೇಲೆ ಪೆನ್ಸಿಲ್ ಮೆಲ್ಲನೆ ಉಜ್ಜಿದರೆ ಅಂಕಿಗಳು ಮೂಡುತ್ತವೆ. ನಾವು ಸರ್ವೇಯರುಗಳು ಮಾಡುವುದೂ ಇದನ್ನೇ. ಕಳ್ಳರು ಅಂಕಿಗಳನ್ನು ಉಜ್ಜಿ ಬೇರೆ ಅಂಕಿ ಹೊಡೆದಾಗ ಸಾಲು ನೇರವಾಗಿರುವುದಿಲ್ಲ, ಒಂದು ಅಂಕಿ ಆಳ, ಇನ್ನೊಂದು ತೇಲು. ನಿಮ್ಮ ಬಳಿಯ ಮೂಲ ಅಚ್ಚಿನೊಡನೆ ಹೋಲಿಸಿದರೆ ಮೋಸ ಬಯಲಾಗುತ್ತದೆ. ಆ ಕಾಗದ, ಗಾಡಿಯ ನಾಲ್ಕೂ ಬದಿಯ ಫೋಟೊ, ಎರಡನೆಯ ಕೀ, ಮೂಲ ಆರ್‌ಸಿ ಮನೆಯಲ್ಲಿರಲಿ. ದಾರಿಯಲ್ಲಿ ತೋರಿಸಲು ಡಿಜಿಲಾಕರ್‌ನಲ್ಲಿರುವ ಪ್ರತಿ ಸಾಕು. ಸೀಟಿನ ಕೆಳಗೆ ಮೂಲ ಆರ್‌ಸಿ ಇಟ್ಟರೆ ಮಾರಾಟಕ್ಕೆ ಬೇಕಾದ ದಾಖಲೆಯನ್ನೂ ನೀವೇ ಕಳ್ಳನ ಕೈಗೆ ಕೊಟ್ಟಂತೆ.

ಒಂದು ವೇಳೆ ಗಾಡಿ ಹೋಯಿತು ಎನ್ನಿ. ಕಾರವಾರದಿಂದ ಮಾಜಾಳಿಯ ಗೋವಾ ಗಡಿ ಅರ್ಧ ಗಂಟೆಯ ದಾರಿಯೂ ಅಲ್ಲ. ಗಡಿಯಾಚೆ ಕೆಎ 30 ನಂಬರಿನ ಬೈಕ್ ಯಾರ ಕಣ್ಣಿಗೂ ಹೊಸದಲ್ಲ, ನಿಮ್ಮಂಥವರು ದಿನವೂ ಓಡಾಡುವ ದಾರಿ ಅದು. ದಕ್ಷಿಣಕ್ಕೆ 66ನೇ ಹೆದ್ದಾರಿ, ಪೂರ್ವಕ್ಕೆ ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ. ಆದ್ದರಿಂದ ಮೊದಲ ಗಂಟೆ ಬಹಳ ಬೆಲೆಯುಳ್ಳದ್ದು. ಸುತ್ತಮುತ್ತ ಒಮ್ಮೆ ಕೇಳಿ, ಕೂಡಲೇ 112ಕ್ಕೆ ಕರೆ ಮಾಡಿ, ಠಾಣೆಗೆ ಹೋಗಿ ಎಫ್‌ಐಆರ್ ಮಾಡಿಸಿ. ನಿಲ್ದಾಣದ ಆವರಣ ರೈಲ್ವೆ ಪೊಲೀಸರದೋ ಊರ ಠಾಣೆಯದೋ ಎಂಬ ಚರ್ಚೆಯಲ್ಲಿ ಹೊತ್ತು ಕಳೆಯಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಘಟನೆ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ವಿದ್ಯುನ್ಮಾನ ರೂಪದಲ್ಲೂ ಕಳುಹಿಸಬಹುದು, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಉಚಿತ. ಠಾಣೆಯಲ್ಲಿ ದಾಖಲಿಸಿಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆದು ಕಳುಹಿಸಲು ಅದೇ ಕಲಂ ಹಕ್ಕು ಕೊಡುತ್ತದೆ. ಕಳೆದುಹೋದ ಮೊಬೈಲ್, ಪರ್ಸುಗಳಿಗೆ ಆನ್‌ಲೈನ್‌ನಲ್ಲಿ ಸಿಗುವ ಸ್ವೀಕೃತಿ ಪತ್ರವನ್ನು ಪಡೆದು ಸುಮ್ಮನಾಗಬೇಡಿ; ಅದು ಎಫ್‌ಐಆರ್ ಅಲ್ಲ, ಕ್ಲೇಮಿಗೆ ನಡೆಯುವುದಿಲ್ಲ.

ವಿಮಾ ಕಂಪನಿಗೆ ಅಂದೇ ಫೋನ್ ಮಾಡಿ, ಜೊತೆಗೆ ಇಮೇಲ್ ಕಳುಹಿಸಿ. ತಡವಾದರೆ ಎಲ್ಲ ಮುಗಿಯಿತು ಎಂದೇನೂ ಇಲ್ಲ. ಎಫ್‌ಐಆರ್ ತಕ್ಷಣ ಆಗಿದ್ದರೆ, ಕಂಪನಿಗೆ ತಿಳಿಸಲು ತಡವಾಯಿತೆಂಬ ಒಂದೇ ಕಾರಣಕ್ಕೆ ನಿಜವಾದ ಕ್ಲೇಮನ್ನು ತಿರಸ್ಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಒಂದು ಟ್ರ್ಯಾಕ್ಟರ್ ಕಳವಿನ ಪ್ರಕರಣದಲ್ಲಿ ಹೇಳಿದೆ. ಹಾಗೆಂದು ತಡಮಾಡುವುದು ಜಾಣತನವಲ್ಲ. ಆರ್‌ಟಿಒ ಕಚೇರಿಗೂ ಬರೆದು ತಿಳಿಸಿ ಸ್ವೀಕೃತಿ ಪಡೆಯಿರಿ. ಕಂಪನಿಯವರು ಎರಡೂ ಕೀಗಳನ್ನು ಕೇಳುತ್ತಾರೆ. ಒಂದು ಹಿಂದೆಯೇ ಕಳೆದಿದ್ದರೆ ಕೊಡಲು ಕಾರಣ ಬೇಕು, ಆದ್ದರಿಂದ ಕೀ ಕಳೆದಾಗಲೇ ಲಾಕ್ ಸೆಟ್ ಬದಲಾಯಿಸಿ ಬಿಲ್ಲು ಇಟ್ಟುಕೊಳ್ಳುವುದು ಲೇಸು. ಪೊಲೀಸರು ಹುಡುಕಿಯೂ ಸಿಗದಿದ್ದರೆ ನ್ಯಾಯಾಲಯಕ್ಕೆ 'ಸಿ' ರಿಪೋರ್ಟ್ ಸಲ್ಲಿಸುತ್ತಾರೆ. ಕ್ಲೇಮ್ ಮುಗಿಯಲು ಅದರ ಪ್ರತಿ ಬೇಕು, ಇದಕ್ಕೆ ತಿಂಗಳುಗಳೇ ಹಿಡಿಯಬಹುದು. ಆಗಾಗ ಠಾಣೆಗೆ ಹೋಗಿ ವಿಚಾರಿಸಲು ಸಂಕೋಚ ಬೇಡ.

ಗಾಡಿ ಸಿಕ್ಕಿದರೆ ಅದು ಠಾಣೆಯ ಅಂಗಳದಲ್ಲಿ ಬಳ್ಳಿ ಹಬ್ಬಿ ಕೊಳೆಯಬೇಕಾಗಿಲ್ಲ. ಜಪ್ತಿಯಾದ ವಾಹನಗಳನ್ನು ಠಾಣೆಗಳಲ್ಲಿ ದೀರ್ಘಕಾಲ ಇಡಬಾರದು, ಫೋಟೊ, ಪಂಚನಾಮೆ ಮಾಡಿ ಬಾಂಡ್ ಪಡೆದು ಬಿಟ್ಟುಕೊಡಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸೂಚಿಸಿದೆ. ಆರ್‌ಸಿ, ವಿಮೆ, ಗುರುತಿನ ಚೀಟಿಯೊಡನೆ ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಅರ್ಜಿ ಹಾಕಿ. ನಮ್ಮ ಮಳೆಗೆ ಒಂದು ಮಳೆಗಾಲ ಹೊರಗೆ ನಿಂತ ಬೈಕ್ ಗುಜರಿಗೆ ಮಾತ್ರ ಆಗುತ್ತದೆ, ಆದ್ದರಿಂದ ಜೂನ್‌ಗೆ ಮುಂಚೆ ಬಿಡಿಸಿಕೊಳ್ಳಲು ಪ್ರಯತ್ನಿಸಿ.

ಕಡೆಯದಾಗಿ ನಿಮ್ಮ ಭಾವನ ವಿಷಯ. ಕೊಳ್ಳಬಾರದು. 'ತೋಟದೊಳಗೇ ಓಡಿಸುವುದು, ಹೆದ್ದಾರಿಗೆ ತರುವುದಿಲ್ಲ, ಕಾಗದ ಯಾಕೆ' ಎಂಬ ಮಾತನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮರ್ಯಾದಸ್ಥರ ಬಾಯಲ್ಲೇ ಕೇಳಿದ್ದೇನೆ, ಕೇಳಿದಾಗಲೆಲ್ಲ ಸಂಕಟವಾಗುತ್ತದೆ. ಕಾಗದವಿಲ್ಲದ ಗಾಡಿಗೆ ಅಡಿಕೆ ತೋಟದಲ್ಲಿ ಗಿರಾಕಿ ಇರುವುದರಿಂದಲೇ ನಿಮ್ಮ ಪಕ್ಕದ ಮನೆಯವರ ಗಾಡಿಯಂಥದಕ್ಕೆ ಬೆಲೆ ಬರುವುದು. ಕಳವಿನ ಮಾಲೆಂದು ತಿಳಿದೋ, ಹಾಗೆ ನಂಬಲು ಕಾರಣವಿದ್ದೋ ಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು; ಮೊದಲ ಸಲ ಕಳವಿಗೆ ಸಿಕ್ಕಿಬಿದ್ದವನಿಗೆ 303ನೇ ಕಲಮಿನಡಿ ಇರುವ ಗರಿಷ್ಠ ಜೈಲು ಶಿಕ್ಷೆಯೂ ಮೂರೇ ವರ್ಷ. ತೀರಾ ಅಗ್ಗದ ಬೆಲೆ, ಕಾಗದ ಇಲ್ಲದಿರುವುದು, ಇವೆರಡೂ ಸೇರಿದರೆ 'ನನಗೆ ಗೊತ್ತಿರಲಿಲ್ಲ' ಎಂಬ ಮಾತನ್ನು ನ್ಯಾಯಾಲಯ ಸುಲಭವಾಗಿ ನಂಬುವುದಿಲ್ಲ.

ಅವರಿಗೆ ಹಳೆಯ ಗಾಡಿಯೇ ಬೇಕಿದ್ದರೆ ಮಾರುವವನ ಮನೆಗೇ ಹೋಗಿ, ಹಗಲಿನಲ್ಲಿ ನೋಡಲಿ. ಆರ್‌ಸಿಯಲ್ಲಿರುವ ಚಾಸಿ ಮತ್ತು ಎಂಜಿನ್ ನಂಬರನ್ನು ಗಾಡಿಯ ಮೇಲಿರುವುದರೊಡನೆ ಒಂದೊಂದು ಅಂಕಿಯಾಗಿ ತಾಳೆ ನೋಡಲಿ. ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಮಾದರಿ, ನೋಂದಣಿ, ವಿಮೆಯ ವಿವರ ಸಿಗುತ್ತದೆ. ಗಾಡಿ ಕಳವಿನ ಪಟ್ಟಿಯಲ್ಲಿದೆಯೇ ಎಂದು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ವಾಹನ ಎನ್‌ಒಸಿ ಸೇವೆಯಲ್ಲಿ ಪರಿಶೀಲಿಸಬಹುದು. ಹೊರರಾಜ್ಯದ ಗಾಡಿಯಾದರೆ ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರವಿಲ್ಲದೆ ಮುಂಗಡವನ್ನೂ ಕೊಡಬಾರದು. ಅವರು ಈಗಾಗಲೇ ಮುಂಗಡ ಕೊಟ್ಟು ಗಾಡಿಯನ್ನು ಮನೆಗೆ ತಂದಿದ್ದರೆ ಅದನ್ನು ಮರಳಿ ಮಾರುವ ಯೋಚನೆ ಮಾಡದೆ, ವಕೀಲರೊಬ್ಬರನ್ನು ಕರೆದುಕೊಂಡು ನಾಳೆಯೇ ಠಾಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡಲಿ.